ಸ್ಕೌಟ್ ನಿಯಮ ಬದಲಾದರೆ ಪೋಷಕರು ಏನನ್ನು ಗಮನಿಸಬೇಕು?

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಅಪ್ಪ-ಅಮ್ಮಂದಿರು ಮಗುವನ್ನು ಸ್ಕೌಟ್‌ಗೆ ಸೇರಿಸುವ ಮುನ್ನ ಹಿಂದೆಮುಂದೆ ನೋಡುವುದು ಸಹಜ. ಸಂಸ್ಥೆಯ ಹೆಸರಿನಿಂದ ಹಿಡಿದು ಸದಸ್ಯತ್ವದವರೆಗೆ ಅಲ್ಲಿ ಬಹಳಷ್ಟು ಬದಲಾಗಿದೆ. ಗಾಬರಿ ಬೇಡ. ಇದರಲ್ಲಿ ನಿಮ್ಮ ಮಗುವಿನ ತನಕ ಬರುವುದು ಯಾವುದು ಎಂದು ನೋಡೋಣ.

‘ಬಾಯ್ ಸ್ಕೌಟ್ಸ್ ಆಫ್ ಅಮೆರಿಕ’ ಸಲಿಂಗಿ ಹುಡುಗರಿಗೆ ಸದಸ್ಯತ್ವ ಕೊಡಲು ಒಪ್ಪಿದ್ದು 2013ರಲ್ಲಿ. ಸಲಿಂಗಿ ವಯಸ್ಕರು ನಾಯಕರಾಗಬಾರದೆಂಬ ನಿಷೇಧ ತೆರವಾದದ್ದು 2015ರಲ್ಲಿ; ಆದರೆ ದಳಗಳನ್ನು ನಡೆಸುವ ಚರ್ಚ್‌ಗಳು ತಮ್ಮ ನಾಯಕರನ್ನು ತಾವೇ ಆರಿಸಿಕೊಳ್ಳಬಹುದೆಂದು ಬಿಟ್ಟರು. 2018ರಲ್ಲಿ ಕಬ್ ವಿಭಾಗಕ್ಕೂ, 2019ರಲ್ಲಿ ದೊಡ್ಡ ಮಕ್ಕಳ ವಿಭಾಗಕ್ಕೂ ಹುಡುಗಿಯರು ಬಂದರು. 2020ರಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವೆಂದು ಪರಿಹಾರ ಕೇಳಿದವರು 82 ಸಾವಿರಕ್ಕೂ ಹೆಚ್ಚು. 2025ರ ಫೆಬ್ರವರಿಯಿಂದ ಅದರ ಹೆಸರು ‘ಸ್ಕೌಟಿಂಗ್ ಅಮೆರಿಕ’.

ಸುದ್ದಿಯಾದದ್ದು ಹೆಚ್ಚಾಗಿ ಹೆಸರು ಮತ್ತು ಸದಸ್ಯತ್ವ. ಮಗುವಿನ ದಿನನಿತ್ಯಕ್ಕೆ ತಟ್ಟುವುದು ಮಾತ್ರ ದಳವನ್ನು ಯಾರು ನಡೆಸುತ್ತಾರೆ ಎಂಬುದು.

ಅಲ್ಲಿ ಪ್ರತಿ ದಳದ ಹಿಂದೆಯೂ ಚರ್ಚ್, ಕ್ಲಬ್ ಅಥವಾ ಬೇರೊಂದು ಸ್ಥಳೀಯ ಪ್ರಾಯೋಜಕ ಸಂಸ್ಥೆ ಇರುತ್ತದೆ. ನೂರು ವರ್ಷಕ್ಕೂ ಮಿಕ್ಕಿ ದೊಡ್ಡ ಪ್ರಾಯೋಜಕನಾಗಿದ್ದ ಮಾರ್ಮನ್ ಚರ್ಚ್ 2019ರ ಕೊನೆಗೆ ಸಂಬಂಧ ಕಡಿದುಕೊಂಡಿತು. ಅದರ ಆಶ್ರಯದ ದಳಗಳ ಜೊತೆಗೆ ಅಲ್ಲಿ ಪಳಗಿದ ನಾಯಕರೂ ಹೊರಟರು. ಆದ್ದರಿಂದ ಮೊದಲು ಕೇಳಿ: ‘ಈ ದಳದ ಪ್ರಾಯೋಜಕರು ಯಾರು? ನಾಯಕರನ್ನು ಆರಿಸುವವರು ಯಾರು?’

ಎರಡನೆಯದು ಸುರಕ್ಷತೆ. 2018ರ ಅಕ್ಟೋಬರ್‌ನಿಂದ ವಾರದ ಸಭೆಯೂ ಸೇರಿ ಎಲ್ಲ ಚಟುವಟಿಕೆಗೂ 21 ವರ್ಷ ತುಂಬಿದ, ನೋಂದಾಯಿತ ಇಬ್ಬರು ನಾಯಕರು ಇರಲೇಬೇಕು. ಹುಡುಗಿಯರಿದ್ದರೆ ಒಬ್ಬ ಮಹಿಳಾ ನಾಯಕಿ ಕಡ್ಡಾಯ. ವಯಸ್ಕರು ಯಾವ ಮಗುವಿನೊಂದಿಗೂ ಒಂಟಿಯಾಗಿ ಇರುವಂತಿಲ್ಲ. ಇಮೇಲ್, ಮೆಸೇಜ್‌ಗೂ ಇದೇ ನಿಯಮ. ನಿಮ್ಮ ಮಗಳಿಗೆ ಬ್ಯಾಡ್ಜ್ ವಿಷಯವಾಗಿ ಬಂದ ಇಮೇಲ್ ತೆರೆದು ನೋಡಿ: ಇನ್ನೊಬ್ಬ ವಯಸ್ಕರಿಗೂ ಅದರ ಪ್ರತಿ ಹೋಗಿರಬೇಕು. ಶಿಬಿರದಲ್ಲಿ ಒಂದೇ ಡೇರೆಯಲ್ಲಿ ಮಲಗುವ ಮಕ್ಕಳ ನಡುವೆ ಎರಡು ವರ್ಷಕ್ಕಿಂತ ಹೆಚ್ಚಿನ ಅಂತರ ಇರಬಾರದು. ‘ನಮ್ಮ ದಳದಲ್ಲಿ ಎಲ್ಲರೂ ಪರಿಚಯದವರೇ, ಅಷ್ಟೆಲ್ಲ ಬೇಕಿಲ್ಲ’ ಎಂದು ಯಾರಾದರೂ ನಕ್ಕು ಹೇಳಿದರೆ, ಆ ದಳ ಬೇಡ.

ಇಂಥ ನಿಯಮಗಳಿಗೆ ಇನ್ನೊಂದು ಮುಖವೂ ಇದೆ. ಕರ್ನಾಟಕದ ಶಾಲೆಗಳಲ್ಲಿ ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್ ಸಾಮಾನ್ಯವಾಗಿ ಶಿಕ್ಷಕರೇ. ಅಮೆರಿಕದಲ್ಲಿ ಈ ಕೆಲಸ ಮಾಡುವವರು ಬಹುಪಾಲು ಮಕ್ಕಳ ಅಪ್ಪ-ಅಮ್ಮಂದಿರು, ಅದೂ ಸಂಬಳವಿಲ್ಲದೆ. ಎರಡನೆಯ ನಾಯಕ ಬರದಿದ್ದರೆ ಅಂದಿನ ಸಭೆ ರದ್ದು. ಮಹಿಳಾ ನಾಯಕಿ ಸಿಗದಿದ್ದರೆ ಹುಡುಗಿಯರ ಶಿಬಿರ ನಿಂತೇ ಹೋಗುತ್ತದೆ. ನಿಯಮ ಬಿಗಿಯಾದಷ್ಟೂ ಹೆಚ್ಚು ದೊಡ್ಡವರು ಬೇಕು; ಅವರು ಹೊರಗಿನಿಂದ ಬರುವುದಿಲ್ಲ.

ಹಾಗಾಗಿ ಮಗುವನ್ನು ಬಾಗಿಲಲ್ಲಿ ಇಳಿಸಿ ಹೊರಟುಬಿಡಬೇಡಿ. ನೋಂದಣಿ, ಹಿನ್ನೆಲೆ ಪರಿಶೀಲನೆ, ಆನ್‌ಲೈನ್ ಸುರಕ್ಷತಾ ತರಬೇತಿ ಮುಗಿಸಿ ನೀವೂ ಒಂದು ಹೊಣೆ ಹೊತ್ತುಕೊಳ್ಳಿ. ಡೇರೆ ಹಾಕಲು ಬಾರದಿದ್ದರೆ ಚಿಂತೆಯಿಲ್ಲ, ಮಕ್ಕಳೇ ಕಲಿಸುತ್ತಾರೆ. ಅಮ್ಮಂದಿರಂತೂ ‘ನನಗೇನು ಗೊತ್ತು’ ಎಂದು ಹಿಂಜರಿಯುವುದು ಬೇಡ. ಹುಡುಗಿಯರ ದಳಗಳಿಗೆ ಈಗ ಬೇಕಾಗಿರುವುದೇ ನೀವು.