ಗಣಕಯಂತ್ರವು ಏಳದಿದ್ದಾಗ

ಕಳೆದ ಚಳಿಗಾಲದ ಒಂದು ಬೆಳಗ್ಗೆ, ಪ್ರಯೋಗಶಾಲೆಯ ಬಾಗಿಲು ತೆರೆಯುವುದಕ್ಕೆ ಮೊದಲೇ, ಅಂತಿಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ನನಗಾಗಿ ಕಾದು ನಿಂತಿದ್ದನು. ಅವನ ಕಂಕುಳಲ್ಲಿ ಹತ್ತು ಹನ್ನೆರಡು ವರ್ಷಗಳಷ್ಟು ಹಳೆಯದಾದ ಒಂದು ಲ್ಯಾಪ್‌ಟಾಪ್ ಇತ್ತು. ಅದರಲ್ಲಿದ್ದ ವಿಂಡೋಸ್ ತೀರ ನಿಧಾನವಾಯಿತೆಂದು ಅವನೇ ಎಂಟು ತಿಂಗಳ ಹಿಂದೆ ಅದರ ಪಕ್ಕದಲ್ಲಿ ಲಿನಕ್ಸ್ ಎಂಬ ಬೇರೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸಿದ್ದನು. ಅಂದಿನಿಂದ ಅವನ ಅಕ್ಕ ತನ್ನ ಎಂ.ಎ. ಪ್ರಬಂಧವನ್ನು ಅದರಲ್ಲೇ ಬರೆಯುತ್ತಿದ್ದಳು. ಹಿಂದಿನ ದಿನ ಈತನು ವಿಂಡೋಸಿನ ಒಳಗಿನಿಂದ, ಉಪಯೋಗವಿಲ್ಲದೆ ಖಾಲಿ ಬಿದ್ದಿದ್ದ ಒಂದು ಪಾರ್ಟಿಷನ್ನನ್ನು ಅಳಿಸಿದನಂತೆ. ಮತ್ತೆ ಚಾಲೂ ಮಾಡಿದಾಗ ಕಪ್ಪು ತೆರೆಯ ಮೇಲೆ ಎರಡೇ ಸಾಲು: ‘ಎರರ್: ನೋ ಸಚ್ ಪಾರ್ಟಿಷನ್’, ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’. ಲಿನಕ್ಸೂ ಇಲ್ಲ, ವಿಂಡೋಸೂ ಇಲ್ಲ. ದುರಸ್ತಿಯ ಅಂಗಡಿಯೊಂದರಲ್ಲಿ ತೋರಿಸಿದ್ದಕ್ಕೆ, ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ತುಂಬಬೇಕು, ಒಳಗಿದ್ದದ್ದು ಹೋಯಿತೆಂದೇ ತಿಳಿಯಿರಿ ಎಂದರಂತೆ. ಪ್ರಬಂಧ ಒಪ್ಪಿಸಲು ಉಳಿದಿದ್ದದ್ದು ಒಂಬತ್ತು ದಿನ.

“ಡಿಸ್ಕೇ ಸತ್ತುಹೋಗಿದೆಯೇ, ಸಾರ್?” ಎಂದು ಕೇಳಿದನು.

“ಸತ್ತಿದ್ದರೆ ಈ ಎರಡು ಸಾಲನ್ನು ಬರೆದವರು ಯಾರಪ್ಪ?” ಎಂದೆನು.

ಇದು ವಿನೋದದ ಮಾತಲ್ಲ. ಗ್ರಬ್ ಎಂಬುದು ಗಣಕಯಂತ್ರದೊಡನೆ ಹುಟ್ಟಿ ಬಂದ ವಸ್ತುವಲ್ಲ. ಲಿನಕ್ಸನ್ನು ಸ್ಥಾಪಿಸುವಾಗ ಡಿಸ್ಕಿನ ಮೇಲೆ ಬರೆಯಲ್ಪಟ್ಟ ಒಂದು ಸಣ್ಣ ಕ್ರಮವಿಧಿ. ಅದು ತನ್ನ ಹೆಸರನ್ನು ತೆರೆಯ ಮೇಲೆ ಹೇಳುತ್ತಿದೆಯೆಂದರೆ, ಯಂತ್ರವು ಡಿಸ್ಕನ್ನು ಕಂಡಿದೆ, ಅದನ್ನು ಓದಿದೆ, ಓದಿದ್ದನ್ನು ನಡೆಸಿಯೂ ಇದೆ ಎಂದಾಯಿತು. ದೋಷವೇನಿದ್ದರೂ ಅದರ ಮುಂದಿನ ಹೆಜ್ಜೆಯಲ್ಲಿರಬೇಕು. ಆ ಹೆಜ್ಜೆಗಳು ಯಾವುವೆಂಬುದನ್ನು ಈಗ ವಿಚಾರಿಸೋಣ.

ಬಚ್ಚಲ ಹಂಡೆಗೆ ಉರಿ ಹಾಕುವುದನ್ನು ವಾಚಕರು ನೋಡಿರಬಹುದು. ಬೆಂಕಿಕಡ್ಡಿಯನ್ನು ಗೀರಿ ನೇರವಾಗಿ ಕೊರಡಿಗೆ ಹಿಡಿದರೆ ಕಡ್ಡಿ ಸುಟ್ಟುಹೋಗುತ್ತದೆಯೇ ಹೊರತು ಕೊರಡು ಹತ್ತುವುದಿಲ್ಲ. ಕಡ್ಡಿಯಿಂದ ತೆಂಗಿನ ಗರಿಗೆ, ಗರಿಯಿಂದ ಪುಳ್ಳೆಗೆ, ಪುಳ್ಳೆಯಿಂದ ಸೌದೆಗೆ ಬೆಂಕಿ ಏರಬೇಕು. ಗಣಕಯಂತ್ರವು ಎಚ್ಚರಗೊಳ್ಳುವುದೂ ಇದೇ ರೀತಿಯಲ್ಲಿ. ವಿದ್ಯುತ್ತು ಹರಿದ ಕ್ಷಣದಲ್ಲಿ ಅದರ ಸ್ಮೃತಿಯಲ್ಲಿ ಏನೂ ಇರುವುದಿಲ್ಲ. ಡಿಸ್ಕಿನಿಂದ ಕಾರ್ಯಾಚರಣ ವ್ಯವಸ್ಥೆಯನ್ನು ತಂದು ಸ್ಮೃತಿಯಲ್ಲಿ ಇರಿಸಲು ಒಂದು ಕ್ರಮವಿಧಿ ಬೇಕು. ಆ ಕ್ರಮವಿಧಿಯನ್ನು ತರುವವರು ಯಾರು? ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ಮೇಲಕ್ಕೆತ್ತಿಕೊಳ್ಳುವ ಅಸಾಧ್ಯ ಸಾಹಸಕ್ಕೆ ಇಂಗ್ಲಿಷಿನಲ್ಲಿ ಬೂಟ್‌ಸ್ಟ್ರಾಪ್ ಎಂಬ ಮಾತುಂಟು. ಗಣಕದ ಈ ಆರಂಭಕಾರ್ಯಕ್ಕೆ ‘ಬೂಟ್’ ಎಂಬ ಹೆಸರು ಬಂದದ್ದು ಅಲ್ಲಿಂದ.

1981ರಲ್ಲಿ ಐ.ಬಿ.ಎಂ. ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ಹೊರಬಂದಾಗ, ಬೆಂಕಿಕಡ್ಡಿಯ ಕೆಲಸವನ್ನು ಮಾಡುತ್ತಿದ್ದದ್ದು ಬಯಾಸ್ ಎಂಬ, ಚಿಪ್ಪಿನಲ್ಲಿ ಶಾಶ್ವತವಾಗಿ ಅಚ್ಚಾಗಿದ್ದ ಕ್ರಮವಿಧಿ. ಬಯಾಸ್ ಬಲ್ಲದ್ದು ಅತ್ಯಲ್ಪ. ಯಂತ್ರದ ಅಂಗಗಳನ್ನು ಒಮ್ಮೆ ಪರೀಕ್ಷಿಸಿ, ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು, ಎಂದರೆ ಕೇವಲ 512 ಬೈಟ್‌ಗಳನ್ನು, ಸ್ಮೃತಿಗೆ ತಂದು, ಅದರ ಕೊನೆಯ ಎರಡು ಬೈಟ್‌ಗಳಲ್ಲಿ 01010101 ಮತ್ತು 10101010 ಎಂಬ ಗೊತ್ತಾದ ಗುರುತು ಇದೆಯೇ ಎಂದು ನೋಡಿ, ಇದ್ದರೆ ಅಧಿಕಾರವನ್ನು ಅದಕ್ಕೆ ಒಪ್ಪಿಸಿಬಿಡುತ್ತದೆ. ಮುಂದೆ ಏನಾಯಿತೆಂಬುದು ಅದಕ್ಕೆ ಬೇಕಿಲ್ಲ.

ಈ 512ರಲ್ಲಿ ಗುರುತಿಗೆ 2 ಬೈಟ್ ಹೋಯಿತು. ಡಿಸ್ಕಿನ ಪಾರ್ಟಿಷನ್‌ಗಳ ಪಟ್ಟಿಗೆ, ಒಂದೊಂದಕ್ಕೆ 16ರಂತೆ ನಾಲ್ಕಕ್ಕೆ, 64 ಬೈಟ್. ಉಳಿದ 446 ಬೈಟ್‌ಗಳು ಮಾತ್ರ ಕ್ರಮವಿಧಿಗೆ. ಇದು ಎಷ್ಟು ಇಕ್ಕಟ್ಟೆಂಬುದನ್ನು ಹೀಗೆ ಊಹಿಸಬಹುದು: ಈಗ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕಾಗುವುದರಿಂದ, 446 ಬೈಟ್‌ಗಳಲ್ಲಿ ಕೇವಲ 148 ಚಿಹ್ನೆಗಳು ಹಿಡಿಸುತ್ತವೆ, ಈ ವಾಕ್ಯವೇ ಅದರಲ್ಲಿ ಹಿಡಿಸದು. ಅಷ್ಟರೊಳಗೆ ಇಡೀ ಕಾರ್ಯಾಚರಣ ವ್ಯವಸ್ಥೆಯನ್ನು ಹುಡುಕಿ ತರುವ ಜಾಣ್ಮೆಯನ್ನು ತುಂಬಲಾಗದು. ಆದ್ದರಿಂದ ಗ್ರಬ್ ಮೂರು ತುಂಡುಗಳಾಗಿ ಕುಳಿತಿರುತ್ತದೆ. ಮೊದಲ ಸೆಕ್ಟರಿನಲ್ಲಿರುವ ತುಂಡು ಎರಡನೆಯದನ್ನು ತರುತ್ತದೆ. ಎರಡನೆಯದು ಆ ಸೆಕ್ಟರಿಗೂ ಮೊದಲ ಪಾರ್ಟಿಷನ್ನಿಗೂ ನಡುವೆ ಖಾಲಿ ಬಿಟ್ಟಿರುವ ಜಾಗದಲ್ಲಿರುತ್ತದೆ. ಅದು ಲಿನಕ್ಸಿನ ಪಾರ್ಟಿಷನ್ನಿನಲ್ಲಿ ಕಡತಗಳಾಗಿರುವ ಮೂರನೆಯ ಭಾಗವನ್ನು ಹುಡುಕುತ್ತದೆ. ಅದು ಸಿಕ್ಕಿದರೆ ಆಯ್ಕೆಯ ಪಟ್ಟಿ ತೆರೆಯ ಮೇಲೆ ಮೂಡುತ್ತದೆ. ತರುವಾಯ ಕರ್ನೆಲ್, ಅದರ ಹಿಂದೆ ಉಳಿದದ್ದೆಲ್ಲ.

ದೀಪಾವಳಿಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಸುಟ್ಟರೂ ಸರವೆಲ್ಲ ಆರುವಂತೆ, ಈ ಸರಣಿಯಲ್ಲಿ ಯಾವ ಕೊಂಡಿ ಕಳಚಿದರೂ ಹೊರಗಿನವರಿಗೆ ಕಾಣುವುದು ಒಂದೇ: ‘ಕಂಪ್ಯೂಟರ್ ಏಳುತ್ತಿಲ್ಲ’. ಸರವನ್ನೇ ಎಸೆಯುವುದು ಅಂಗಡಿಯವರ ಮಾರ್ಗ. ಬೆಳಕು ಎಲ್ಲಿಯವರೆಗೆ ಬಂದಿದೆ ಎಂದು ನೋಡುವುದು ನಮ್ಮ ಮಾರ್ಗವಾಗಬೇಕು.

ಇದನ್ನು ಬಹು ಸುಂದರವಾಗಿ ತೋರಿಸುತ್ತಿದ್ದದ್ದು ಗ್ರಬ್‌ಗಿಂತ ಹಿಂದೆ ಪ್ರಚಾರದಲ್ಲಿದ್ದ ಲಿಲೋ ಎಂಬ ಕ್ರಮವಿಧಿ. ಇಂಗ್ಲಿಷಿನಲ್ಲಿ ಅದರ ಹೆಸರಿಗೆ ನಾಲ್ಕು ಅಕ್ಷರ: ಎಲ್, ಐ, ಎಲ್, ಓ. ಒಂದೊಂದು ಹೆಜ್ಜೆ ಮುಗಿದಂತೆ ಒಂದೊಂದು ಅಕ್ಷರವನ್ನು ಅದು ತೆರೆಯ ಮೇಲೆ ಇಳಿಸುತ್ತಿತ್ತು. ಏನೂ ಮೂಡದಿದ್ದರೆ ಮೊದಲ ತುಂಡೇ ಬಂದಿಲ್ಲ. ಒಂಟಿ ‘ಎಲ್’ ಮೂಡಿ ನಿಂತರೆ ಎರಡನೆಯ ತುಂಡನ್ನು ತರಲಾಗಿಲ್ಲ. ‘ಎಲ್ ಐ’ ಎಂದು ನಿಂತರೆ ಎರಡನೆಯದು ಬಂದಿದೆ, ಆದರೆ ನಡೆಯುತ್ತಿಲ್ಲ. ನಾಲ್ಕು ಅಕ್ಷರವೂ ಬಂದರೆ ತನ್ನ ಮಟ್ಟಿಗೆ ಲಿಲೋ ಕ್ಷೇಮ. ಅಪೂರ್ಣ ಹೆಸರೇ ರೋಗದ ಹೆಸರು! ಲಿಲೋದ ಅಭಿವೃದ್ಧಿಯು 2015ರ ಅಂತ್ಯಕ್ಕೆ ನಿಂತಿತು. ಅಷ್ಟು ಮಿತವ್ಯಯದ ಸೂಚನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ನಮ್ಮ ಲ್ಯಾಪ್‌ಟಾಪಿಗೆ ಬರೋಣ. ‘ಗ್ರಬ್ ರೆಸ್ಕ್ಯೂ’ ಎಂಬುದು ಎರಡನೆಯ ತುಂಡಿನ ಮಾತು. ಅದು ಎದ್ದಿದೆ, ಮೂರನೆಯದನ್ನು ಕಾಣದೆ ಕೈಚೆಲ್ಲಿ ಕುಳಿತಿದೆ. ಏಕೆ ಕಾಣದು? ಮೊದಲ ಸೆಕ್ಟರಿನ ಪಟ್ಟಿಯಲ್ಲಿ ನಾಲ್ಕೇ ಹೆಸರುಗಳಿಗೆ ಸ್ಥಳವಿರುವುದರಿಂದ, ಹೆಚ್ಚು ಪಾರ್ಟಿಷನ್ ಬೇಕಾದಾಗ ಒಂದನ್ನು ದೊಡ್ಡದಾಗಿ ಮಾಡಿ ಅದರೊಳಗೆ ಬೇರೆ ಪಾರ್ಟಿಷನ್‌ಗಳನ್ನು ಸರಪಳಿಯಂತೆ ಕೋಯುವ ಪದ್ಧತಿಯುಂಟು. ಈ ಒಳಗಿನವುಗಳನ್ನು 5ರಿಂದ ಎಣಿಸುತ್ತಾರೆ. ವಿದ್ಯಾರ್ಥಿಯನ್ನು ಕೇಳಿದಾಗ ತಿಳಿದದ್ದು: 5ನೆಯದು ಖಾಲಿಯಾಗಿತ್ತು, 6ನೆಯದರಲ್ಲಿ ಲಿನಕ್ಸ್ ಇತ್ತು. 5ನ್ನು ಅಳಿಸಿದೊಡನೆ ಸರಪಳಿಯಲ್ಲಿ ಹಿಂದಿದ್ದದ್ದು ಒಂದು ಸ್ಥಾನ ಮುಂದೆ ಸರಿದು ತಾನೇ 5 ಆಯಿತು. ಗ್ರಬ್ ಮಾತ್ರ ಎಂಟು ತಿಂಗಳ ಹಿಂದೆ ಬರೆದುಕೊಂಡ ವಿಳಾಸವನ್ನು ಹಿಡಿದು 6ನೆಯ ಮನೆಯನ್ನು ಹುಡುಕುತ್ತಿದೆ. ಮನೆ ಕುಸಿದಿಲ್ಲ, ಬಾಗಿಲ ಸಂಖ್ಯೆ ಬದಲಾಗಿದೆ, ಅಷ್ಟೆ.

ಊಹೆಯನ್ನು ಪರೀಕ್ಷಿಸುವುದು ಕಷ್ಟವಲ್ಲ. ರೆಸ್ಕ್ಯೂ ಸ್ಥಿತಿಯಲ್ಲೂ ಗ್ರಬ್ ಕೆಲವು ಆಜ್ಞೆಗಳನ್ನು ಬಲ್ಲದು. ‘ಎಲ್‌ಎಸ್’ ಎಂಬ ಆಜ್ಞೆಗೆ ಅದು ತನಗೆ ಕಾಣುವ ಪಾರ್ಟಿಷನ್‌ಗಳನ್ನು ಪಟ್ಟಿ ಮಾಡಿತು; 6 ಇರಲಿಲ್ಲ. 5ರ ಒಳಗೆ ಏನಿದೆ ಎಂದು ಕೇಳಿದಾಗ ‘ಬೂಟ್’, ‘ಹೋಮ್’ ಮೊದಲಾದ ಪರಿಚಿತ ಹೆಸರುಗಳು ಸಾಲಾಗಿ ಬಂದವು. ಹುಡುಗನ ಮುಖಕ್ಕೆ ರಕ್ತ ಮರಳಿದ್ದು ಆಗಲೇ. ‘ಸೆಟ್’ ಆಜ್ಞೆಯಿಂದ ಹೊಸ ವಿಳಾಸವನ್ನು ತಿಳಿಸಿ, ‘ಇನ್ಸ್‌ಮಾಡ್’ ಆಜ್ಞೆಯಿಂದ ‘ನಾರ್ಮಲ್’ ಎಂಬ ಭಾಗವನ್ನು ತರಿಸಿ, ಅದನ್ನು ನಡೆಸಿದೆವು. ಆಯ್ಕೆಯ ಪಟ್ಟಿ ಮೂಡಿತು, ಲಿನಕ್ಸ್ ಎದ್ದಿತು.

ಇಲ್ಲಿ ಒಂದು ಸಂದೇಹ ಉಂಟಾಗಬಹುದು. ಸಂಖ್ಯೆ ಬದಲಾದದ್ದರಿಂದ ಗ್ರಬ್ ದಾರಿ ತಪ್ಪಿತಾದರೆ ಲಿನಕ್ಸ್ ಏಕೆ ತಪ್ಪಲಿಲ್ಲ? ಅದು ತನ್ನ ಪಾರ್ಟಿಷನ್ನನ್ನು ಸರದಿಯ ಸಂಖ್ಯೆಯಿಂದಲ್ಲ, ಸ್ಥಾಪನೆಯ ಕಾಲದಲ್ಲಿ ಅದಕ್ಕೆ ಕೊಟ್ಟ ಯುಯುಐಡಿ ಎಂಬ 128 ಬಿಟ್‌ಗಳ ಗುರುತಿನಿಂದ ಹುಡುಕುತ್ತದೆ. ಸರದಿ ಬದಲಾದರೂ ಈ ಗುರುತು ಬದಲಾಗದು.

2010ರ ದಶಕದಿಂದೀಚಿನ ಯಂತ್ರಗಳಲ್ಲಿ ಕಥೆ ಸ್ವಲ್ಪ ಬೇರೆ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡ ಬಳಿಕ ಲಿನಕ್ಸಿನ ಕಡೆಗೆ ತಿರುಗಿದ ವಿದ್ಯಾರ್ಥಿಗಳ ಯಂತ್ರಗಳು ಬಹುಮಟ್ಟಿಗೆ ಈ ಜಾತಿಯವೇ ಆದ್ದರಿಂದ, ಅವುಗಳ ವಿಷಯವನ್ನೂ ಹೇಳಬೇಕು. ಬಯಾಸಿನ ಸ್ಥಾನದಲ್ಲಿ ಇವುಗಳಲ್ಲಿ ಯುಇಎಫ್‌ಐ ಇದೆ. ಇದಕ್ಕೆ 446 ಬೈಟ್‌ಗಳ ಬಂಧನವಿಲ್ಲ. ಡಿಸ್ಕಿನಲ್ಲಿ ಇದಕ್ಕಾಗಿಯೇ ಒಂದು ಸಣ್ಣ ಪಾರ್ಟಿಷನ್ ಇದ್ದು, ವಿಂಡೋಸಿನ ಆರಂಭಕ, ಲಿನಕ್ಸಿನ ಆರಂಭಕ ಎಲ್ಲವೂ ಅದರಲ್ಲಿ ಸಾಧಾರಣ ಕಡತಗಳಾಗಿರುತ್ತವೆ. ಯಾವುದನ್ನು ಮೊದಲು ಎಬ್ಬಿಸಬೇಕೆಂಬ ಅನುಕ್ರಮವು ಯಂತ್ರದ ಸ್ವಂತ ಶಾಶ್ವತ ಸ್ಮೃತಿಯಲ್ಲಿ ಇರುತ್ತದೆ. ಹೀಗಾಗಿ ಲಿನಕ್ಸ್ ಸ್ಥಾಪಿಸಿದ ಮೇಲೂ ಏನೂ ಆಗದಂತೆ ವಿಂಡೋಸೇ ಏಳುತ್ತಿದ್ದರೆ, ಸ್ಥಾಪನೆ ವಿಫಲವಾಯಿತೆಂದು ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಅನುಕ್ರಮದಲ್ಲಿ ಲಿನಕ್ಸಿನ ಹೆಸರು ಕೆಳಗಿರುವ ಸಂಭವವೇ ಹೆಚ್ಚು. ಯಂತ್ರದ ಸೆಟಪ್ ಪುಟದಲ್ಲಿ ಅದನ್ನು ಮೇಲಕ್ಕೆ ತಂದರೆ ಸಾಕು.

ಇದಕ್ಕಿಂತ ತೊಡಕಿನ ತಪ್ಪು ಇನ್ನೊಂದು. ಈ ಯಂತ್ರಗಳಲ್ಲಿ ಅನೇಕವು ಹಳೆಯ ಬಯಾಸಿನ ರೀತಿಯಲ್ಲೂ ಏಳಬಲ್ಲವು. ವಿಂಡೋಸ್ ಹೊಸ ರೀತಿಯಲ್ಲಿದ್ದು, ಲಿನಕ್ಸಿನ ಪೆನ್‌ಡ್ರೈವ್ ಮಾತ್ರ ಹಳೆಯ ರೀತಿಯಲ್ಲಿ ಎದ್ದಿತೆನ್ನಿ. ಆಗ ಸ್ಥಾಪಿತವಾದ ಗ್ರಬ್ ವಿಂಡೋಸನ್ನು ಎಬ್ಬಿಸಲಾರದು, ವಿಂಡೋಸು ಗ್ರಬ್ಬನ್ನು ಎಬ್ಬಿಸಲಾರದು. ಒಂದೇ ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರಂತೆ ಇರುತ್ತವೆ. ಎರಡನ್ನೂ ಒಂದೇ ರೀತಿಯಲ್ಲಿ ಸ್ಥಾಪಿಸುವುದೇ ಪರಿಹಾರ. ಪಟ್ಟಿಯಲ್ಲಿ ವಿಂಡೋಸ್ ಕಾಣದಿರುವುದಕ್ಕೆ ಇದಲ್ಲದೆ ಸುಲಭವಾದ ಕಾರಣವೂ ಉಂಟು: 2021ರಲ್ಲಿ ಬಂದ ಗ್ರಬ್ 2.06ರಿಂದೀಚೆಗೆ, ಇತರ ವ್ಯವಸ್ಥೆಗಳನ್ನು ಹುಡುಕುವ ‘ಓಎಸ್-ಪ್ರೋಬರ್’ ಎಂಬ ಭಾಗವನ್ನು ಸುರಕ್ಷತೆಯ ದೃಷ್ಟಿಯಿಂದ ಮೊದಲೇ ಮುಚ್ಚಿಟ್ಟಿರುತ್ತಾರೆ.

ಕೊನೆಯದಾಗಿ ಸೆಕ್ಯೂರ್ ಬೂಟ್. ವಿಂಡೋಸ್ 8ರೊಡನೆ 2012ರಲ್ಲಿ ವ್ಯಾಪಕವಾದ ಈ ಏರ್ಪಾಟಿನಲ್ಲಿ, ಯುಇಎಫ್‌ಐ ತಾನು ನಂಬುವ ಸಹಿಯಿಲ್ಲದ ಆರಂಭಕವನ್ನು ನಡೆಸುವುದೇ ಇಲ್ಲ. ಆದ್ದರಿಂದ ಪ್ರಮುಖ ಲಿನಕ್ಸ್ ವಿತರಣೆಗಳು ಮೈಕ್ರೋಸಾಫ್ಟ್ ಸಹಿ ಮಾಡಿದ ‘ಶಿಮ್’ ಎಂಬ ಪುಟ್ಟ ಮಧ್ಯವರ್ತಿಯನ್ನು ಮೊದಲು ಎಬ್ಬಿಸಿ, ಅದರ ಮೂಲಕ ಗ್ರಬ್ಬನ್ನು ಕರೆಯುತ್ತವೆ. 2024ರ ಆಗಸ್ಟ್ 13ರಂದು ಬಂದ ವಿಂಡೋಸ್ ಪರಿಷ್ಕರಣೆಯೊಂದು, ದೋಷವುಳ್ಳ ಹಳೆಯ ಆರಂಭಕಗಳನ್ನು ತಡೆಯುವ ಹೊಸ ನಿಯಮವನ್ನು ಯಂತ್ರದ ಶಾಶ್ವತ ಸ್ಮೃತಿಯಲ್ಲಿ ಬರೆಯಿತು. ಎರಡು ವ್ಯವಸ್ಥೆಗಳಿರುವ ಯಂತ್ರಗಳನ್ನು ಅದು ಬಿಟ್ಟುಬಿಡಬೇಕಾಗಿತ್ತು. ಆದರೆ ಅವುಗಳಲ್ಲಿ ಕೆಲವನ್ನು ಗುರುತಿಸಲು ತಪ್ಪಿತು. ಮರುದಿನ ಅಂಥ ಯಂತ್ರಗಳಲ್ಲಿ ಲಿನಕ್ಸನ್ನು ಆಯ್ದವರಿಗೆ, ಏನೋ ಗಂಭೀರ ಪ್ರಮಾದವಾಗಿದೆ ಎಂಬರ್ಥದ ಸಂದೇಶ ಎದುರಾಯಿತು. ಅವರ ಡಿಸ್ಕಿನಲ್ಲಿ ಒಂದು ಅಕ್ಷರವೂ ನಷ್ಟವಾಗಿರಲಿಲ್ಲ. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆರಿಸಿ, ಲಿನಕ್ಸಿನಿಂದ ಆ ನಿಯಮವನ್ನು ತೆಗೆದು, ಮತ್ತೆ ಚಾಲೂ ಮಾಡಿದವರ ಯಂತ್ರಗಳು ಎದ್ದವು. ಆದರೆ ಎಚ್ಚರ: ವಿಂಡೋಸಿನ ಪಾರ್ಟಿಷನ್ ಬಿಟ್‌ಲಾಕರ್ ಎಂಬ ಗೂಢಲಿಪಿಯಿಂದ ಮುಚ್ಚಿದ್ದರೆ, ಸೆಕ್ಯೂರ್ ಬೂಟನ್ನು ಮುಟ್ಟಿದೊಡನೆ ಅದು 48 ಅಂಕಿಗಳ ಕೀಲಿಯನ್ನು ಕೇಳಬಹುದು. ಆ ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಸೆಟಪ್ ಪುಟಕ್ಕೆ ಹೋಗಲೇಬಾರದು.

ಆಯ್ಕೆಯ ಪಟ್ಟಿ ಬಂದು, ಲಿನಕ್ಸನ್ನು ಆಯ್ದ ಮೇಲೆ ನಿಂತರೆ, ಗ್ರಬ್ಬಿನ ತಪ್ಪೇನೂ ಇಲ್ಲ. ಅದನ್ನು ಪುನಃ ಸ್ಥಾಪಿಸುವುದು ವ್ಯರ್ಥ. ‘ಕರ್ನೆಲ್ ಪ್ಯಾನಿಕ್’ ಎಂದು ಬಂದು, ಮೂಲ ಪಾರ್ಟಿಷನ್ನನ್ನು ತೆರೆಯಲಾಗಲಿಲ್ಲ ಎಂದಿದ್ದರೆ, ಡಿಸ್ಕನ್ನು ಓದಲು ಕರ್ನೆಲ್‌ಗೆ ಜೊತೆಗೆ ಕೊಡುವ ಸಲಕರಣೆಯ ಗಂಟು ಕಾಣೆಯಾಗಿರಬಹುದು; ಪಟ್ಟಿಯಲ್ಲಿರುವ ಹಿಂದಿನ ಕರ್ನೆಲನ್ನು ಆಯ್ದು ನೋಡಬೇಕು. ಸಂದೇಶವೇ ಇಲ್ಲದೆ ತೆರೆ ಕಪ್ಪಾದರೆ ಚಿತ್ರಫಲಕದ ಮೇಲೆ ಸಂಶಯಪಟ್ಟು, ಪಟ್ಟಿಯಲ್ಲಿಯೇ ‘ನೋಮೋಡ್‌ಸೆಟ್’ ಎಂಬ ಮಾತನ್ನು ಸೇರಿಸಿ ಒಮ್ಮೆ ಎಬ್ಬಿಸಿ ನೋಡುವುದು ವಾಡಿಕೆ.

ಪುನಃ ಆ ಬೆಳಗ್ಗೆಗೆ. ನಮ್ಮ ಆಜ್ಞೆಗಳಿಂದ ಲಿನಕ್ಸ್ ಎದ್ದದ್ದು ಆ ಒಂದು ಸಲಕ್ಕೆ ಮಾತ್ರ. ಹೊಸ ವಿಳಾಸವು ಸ್ಮೃತಿಯಲ್ಲಿತ್ತೇ ಹೊರತು ಡಿಸ್ಕಿನಲ್ಲಿರಲಿಲ್ಲ. ಆರಿಸಿದರೆ ಮತ್ತೆ ಅದೇ ಎರಡು ಸಾಲು. ಹುಡುಗನು ಕೂಡಲೇ ‘ಗ್ರಬ್-ಇನ್‌ಸ್ಟಾಲ್’ ಆಜ್ಞೆಯನ್ನು ಬರೆಯಹೊರಟನು. ನಾನು ಕೈ ತಡೆದು, ನನ್ನ ಪೆನ್‌ಡ್ರೈವನ್ನು ಕೊಟ್ಟೆನು. ಮೊದಲು ಅಕ್ಕನ ಆರು ಅಧ್ಯಾಯಗಳು ಅದಕ್ಕೆ ಇಳಿದವು. ಅವನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿದೆವು. ಅನಂತರ ಗ್ರಬ್ಬನ್ನು ಹೊಸದಾಗಿ ಬರೆದೆವು. ಎರಡು ಬಾರಿ ಆರಿಸಿ ಎಬ್ಬಿಸಿದರೂ ಪಟ್ಟಿ ಸರಿಯಾಗಿ ಬಂದಿತು.

ಲ್ಯಾಪ್‌ಟಾಪನ್ನು ಚೀಲಕ್ಕೆ ಸೇರಿಸುತ್ತ ಅವನು ಕೇಳಿದನು: “ಸಾರ್, ಆ ಖಾಲಿಯಾದ ಜಾಗವನ್ನು ಈಗ ಲಿನಕ್ಸಿಗೆ ಸೇರಿಸಿಬಿಡಲೇ?”

ಅಕ್ಕನ ಪ್ರಬಂಧ ಒಪ್ಪಿಸಿ ಆಗುವವರೆಗೆ ಅದನ್ನು ಮುಟ್ಟಬೇಡ ಎಂದು ಹೇಳಿ, ಪ್ರಯೋಗಶಾಲೆಯ ಬೀಗ ತೆಗೆದೆನು.