ಬರಿಗಾಲಿನ ಅಹ್ಮದ್ ಖಾನ್

ನಮ್ಮ ಕಾಲೇಜಿನಲ್ಲಿ ಕರ್ನಾಟಕದ ಆಟಗಾರರ ಹೆಸರು ಹೇಳಿ ಎಂದರೆ ದ್ರಾವಿಡ್, ಕುಂಬ್ಳೆ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಸ್ವಲ್ಪ ಹಳಬರಾದರೆ ವಿಶ್ವನಾಥ್, ಕಿರ್ಮಾನಿ ಎನ್ನುತ್ತಾರೆ. ಅಹ್ಮದ್ ಖಾನ್ ಎಂದರೆ ಯಾರಿಗೂ ಗೊತ್ತಿಲ್ಲ. ನನಗೂ ಹೋದ ವರ್ಷದವರೆಗೆ ಗೊತ್ತಿರಲಿಲ್ಲ. ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಫುಟ್‌ಬಾಲ್ ಆಡಿದವರು, ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು, ನಮ್ಮ ಬೆಂಗಳೂರಿನವರೇ. ಅವರ ಬಗ್ಗೆ ಎಲ್ಲರೂ ತಿಳಿಯಲಿ ಎಂದು ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ನನ್ನದೊಂದು ಸಂಗತಿ ಹೇಳಿಬಿಡುತ್ತೇನೆ. ಗುಡೇಮಾರನಹಳ್ಳಿಯಲ್ಲಿ ನಾವು ರಾಗಿ ಕೊಯ್ದ ಹೊಲದಲ್ಲಿ ಫುಟ್‌ಬಾಲ್ ಆಡುತ್ತಾ ಬೆಳೆದವರು. ಚಪ್ಪಲಿಗಳನ್ನು ಗೋಲ್ ಕಂಬಗಳಾಗಿ ಇಟ್ಟುಬಿಡುತ್ತಿದ್ದೆವು, ಆದ್ದರಿಂದ ಆಡುವುದು ಬರಿಗಾಲಿನಲ್ಲೇ. ಹೋದ ವರ್ಷ ಪಕ್ಕದ ಊರಿನ ಟೂರ್ನಮೆಂಟಿಗೆ ಒಬ್ಬರ ಹಳೆಯ ಶೂ ಕೇಳಿ ಹಾಕಿಕೊಂಡು ಹೋಗಿದ್ದೆ. ಅರ್ಧ ಆಟಕ್ಕೆ ಅದರ ಅಡಿ ಕಿತ್ತುಬಂತು. ಬಿಚ್ಚಿ ಎಸೆದು ಓಡಿದೆ. ರೆಫರಿ ಸೀಟಿ ಊದಿ ನನ್ನನ್ನು ಗೆರೆಯ ಹೊರಗೆ ಕಳುಹಿಸಿದರು. ಅವರದು ತಪ್ಪಲ್ಲ, ಈಗಿನ ನಿಯಮದಲ್ಲಿ ಕಾಲಿಗೆ ಶೂ ಇರಲೇಬೇಕು. ಆದರೆ ನೋಡುತ್ತಿದ್ದವರು ನಕ್ಕರಲ್ಲ, ಆ ನಗು ನನ್ನ ಜೊತೆ ಮನೆಯವರೆಗೂ ಬಂತು. ಆಮೇಲೆ ಎರಡು ತಿಂಗಳು ಮೈದಾನದ ಕಡೆಗೇ ಹೋಗಲಿಲ್ಲ.

ಆಗ ನಾನಾ, ಅಂದರೆ ನಮ್ಮ ಅಮ್ಮಿಯ ತಂದೆ, ಅಹ್ಮದ್ ಖಾನರ ಹೆಸರು ಎತ್ತಿದರು. ನಾನಾ ರಾಮನಗರದಲ್ಲಿ ರೇಷ್ಮೆ ಬಿಚ್ಚಾಣಿಕೆ ಕೆಲಸ ಮಾಡಿದವರು, ಚಿಕ್ಕಂದಿನಲ್ಲಿ ಕೆಲವು ವರ್ಷ ಬೆಂಗಳೂರಿನ ದಂಡಿನಲ್ಲಿ ಇದ್ದವರು. ಅಹ್ಮದ್ ಖಾನರನ್ನು ಒಂದೇ ಒಂದು ಸಲ ಬೀದಿಯಲ್ಲಿ ನಡೆದು ಹೋಗುವಾಗ ನೋಡಿದ್ದರಂತೆ. ಆಟ ನೋಡಿದ್ದಲ್ಲ. ಆದರೂ ಅವರು ಹೇಳಿದ ಮೂರು ಮಾತು ನನ್ನ ತಲೆಯಲ್ಲಿ ಕೂತವು: ಅಹ್ಮದ್ ಖಾನ್ ಬರಿಗಾಲಿನಲ್ಲಿ ಒಲಿಂಪಿಕ್ಸ್ ಆಡಿದರು. ಬರಿಗಾಲೆಂದು ಭಾರತವನ್ನು 1950ರ ವಿಶ್ವಕಪ್‌ಗೆ ಬಿಟ್ಟುಕೊಳ್ಳಲಿಲ್ಲ. ಹೆಲ್ಸಿಂಕಿಯಲ್ಲಿ ಅಹ್ಮದ್ ಖಾನ್ ಗೋಲ್ ಹೊಡೆದರು.

ವೋಚರ್ ಇಲ್ಲದೆ ಎಂಟ್ರಿ ಮಾಡಬಾರದು ಎಂದು ನಮ್ಮ ಅಕೌಂಟೆನ್ಸಿ ಕ್ಲಾಸಿನಲ್ಲಿ ದಿನಾ ಹೇಳುತ್ತಾರೆ. ಹಾಗಾಗಿ ನಾನಾ ಹೇಳಿದ ಮೂರಕ್ಕೂ ವೋಚರ್ ಹುಡುಕಲು ಹೊರಟೆ.

ಅಹ್ಮದ್ ಖಾನ್ ಹುಟ್ಟಿದ್ದು 1926ರಲ್ಲಿ, ಬೆಂಗಳೂರಿನಲ್ಲಿ. ಅವರದು ಫುಟ್‌ಬಾಲ್ ಮನೆ, ಅಣ್ಣತಮ್ಮಂದಿರೂ ಆಡಿದವರೇ. ಅವರು ಆಡಿದ ಬೆಂಗಳೂರು ಮುಸ್ಲಿಮ್ಸ್ ತಂಡ ಸಾಮಾನ್ಯದ್ದಲ್ಲ. ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದ ಬೊಂಬಾಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದು, ಮರುವರ್ಷ ಮತ್ತೆ ಗೆದ್ದ ತಂಡ ಅದು.

1948ರಲ್ಲಿ ಲಂಡನ್ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಜುಲೈ 31ರಂದು ಇಲ್ಫೋರ್ಡಿನ ಮೈದಾನದಲ್ಲಿ ಫ್ರಾನ್ಸ್ ಎದುರು ಇಳಿದ ಭಾರತದ ಹನ್ನೊಂದು ಜನರಲ್ಲಿ ಎಂಟು ಮಂದಿ ಬರಿಗಾಲಿನಲ್ಲಿದ್ದರು. ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು! ನಮ್ಮ ರಾಜ್ಯದವರೇ ಆದ ಎಸ್. ರಾಮನ್ ಒಂದು ಗೋಲ್ ಹೊಡೆದು ಸಮ ಮಾಡಿದರು. ಇನ್ನೇನು ಆಟ ಮುಗಿಯಬೇಕು ಎನ್ನುವಾಗ ಫ್ರಾನ್ಸ್ ಎರಡನೇ ಗೋಲ್ ಹೊಡೆಯಿತು. 2-1. ಸೋತರೂ ಅಲ್ಲಿನ ಜನ ಈ ಹುಡುಗರನ್ನು ಮೆಚ್ಚಿಕೊಂಡರು. ಕಾಲಿಗೆ ಬೂಟು ಯಾಕಿಲ್ಲ ಎಂದು ಕೇಳಿದ್ದಕ್ಕೆ ನಾಯಕ ತಾಲಿಮೆರೆನ್ ಆವೊ, ನಾವು ಆಡುವುದು ಫುಟ್‌ಬಾಲ್, ನಿಮ್ಮದು ಬೂಟ್‌ಬಾಲ್ ಎಂದರಂತೆ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಆಡಿಸುತ್ತಿದ್ದ ಅಹ್ಮದ್ ಖಾನರಿಗೆ ಹಾವಾಡಿಗ ಎಂಬ ಹೆಸರು ಬಂತು.

ಬರಿಗಾಲಿನಲ್ಲಿ ಆಡಿದವರಿಗೆ ಇದರ ಮರ್ಮ ಗೊತ್ತು. ಚೆಂಡು ಬೆರಳಿಗೆ ತಾಗುವುದು, ಪಾದದ ಅಡಿಯಲ್ಲಿ ಉರುಳುವುದು ಎಲ್ಲ ನೇರ ತಿಳಿಯುತ್ತದೆ, ಕಣ್ಣು ಬೇರೆಯವರ ಮೇಲಿಡಬಹುದು. ಕಷ್ಟವೂ ಇದೆ. ಆಗಿನ ಚರ್ಮದ ಚೆಂಡು ಮಳೆಯಲ್ಲಿ ನೀರು ಕುಡಿದು ಕಲ್ಲಿನಂತೆ ಭಾರವಾಗುತ್ತಿತ್ತು. ಒದ್ದೆ ನೆಲದಲ್ಲಿ ಬೂಟಿನ ಮೊಳೆ ಹಿಡಿಯುವಷ್ಟು ಪಾದ ಹಿಡಿಯುವುದಿಲ್ಲ.

1949ರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಆಗಿನ ಪದ್ಧತಿಯಲ್ಲಿ ಮುಂದೆ ಐದು ಜನ ಆಡುತ್ತಿದ್ದರು. ಬಲ ತುದಿಯಲ್ಲಿ ವೆಂಕಟೇಶ್, ಅವರ ಒಳಗಡೆ ಅಪ್ಪಾರಾವ್, ನಡುವೆ ಧನರಾಜ್, ಎಡ ಒಳಗಡೆ ಅಹ್ಮದ್ ಖಾನ್, ಎಡ ತುದಿಯಲ್ಲಿ ಸಾಲೆ. ಐವರೂ ದಕ್ಷಿಣದವರು. ಕಲ್ಕತ್ತೆಯ ಜನ ಇವರಿಗೆ ಪಂಚ ಪಾಂಡವರು ಎಂದು ಹೆಸರಿಟ್ಟರು. ಇದನ್ನು ಓದಿದಾಗ ನನಗೆ ನಗು ಬಂತು, ಖುಷಿಯೂ ಆಯಿತು. ದೇಶ ವಿಭಜನೆಯಾಗಿ ಎರಡೇ ವರ್ಷ. ಈಸ್ಟ್ ಬೆಂಗಾಲ್‌ಗೆ ಕೂಗುತ್ತಿದ್ದವರಲ್ಲಿ ಗಡಿಯಾಚೆ ಮನೆಮಠ ಬಿಟ್ಟು ಬಂದವರು ಎಷ್ಟೋ ಜನ. ಅವರು ಅಹ್ಮದ್ ಖಾನ್, ಸಾಲೆ ಎಂಬ ಇಬ್ಬರನ್ನು ಪಾಂಡವರ ಲೆಕ್ಕಕ್ಕೆ ಸೇರಿಸಿಕೊಂಡರು. ಆ ವರ್ಷ ಕಲ್ಕತ್ತಾ ಲೀಗ್, ಐಎಫ್ಎ ಶೀಲ್ಡ್, ರೋವರ್ಸ್ ಕಪ್ ಮೂರೂ ಕ್ಲಬ್ಬಿಗೆ ಬಂದವು. ಶೀಲ್ಡ್ ಮುಂದಿನ ಎರಡು ವರ್ಷವೂ ಬಂತು. ಅಹ್ಮದ್ ಖಾನ್ 1959ರವರೆಗೆ ಅದೇ ಕ್ಲಬ್ಬಿನಲ್ಲಿ ಉಳಿದರು.

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್. ಫೈನಲ್‌ನಲ್ಲಿ ಮೇವಾಲಾಲ್ ಗೋಲಿನಿಂದ ಇರಾನ್ ವಿರುದ್ಧ 1-0 ಗೆಲುವು, ಭಾರತಕ್ಕೆ ಚಿನ್ನ.

ಈಗ ನಾನಾ ಹೇಳಿದ ಎರಡನೇ ಮಾತು. ಇಲ್ಲಿ ವೋಚರ್ ಸಿಗಲಿಲ್ಲ. 1950ರ ವಿಶ್ವಕಪ್‌ಗೆ ಏಷ್ಯಾದ ಬೇರೆ ತಂಡಗಳು ಹಿಂದೆ ಸರಿದಿದ್ದರಿಂದ ಭಾರತಕ್ಕೆ ಆಡದೆಯೇ ಜಾಗ ಸಿಕ್ಕಿತ್ತು. ಭಾರತ ಬ್ರೆಜಿಲ್‌ಗೆ ಹೋಗಲಿಲ್ಲ ಎಂಬುದು ನಿಜ. ಆದರೆ ಬರಿಗಾಲೇ ಕಾರಣವಾಗಿದ್ದರೆ 1948ರಲ್ಲಿ ಆಡಿದ್ದು ಹೇಗೆ? 1952ರಲ್ಲಿ ಮತ್ತೆ ಆಡಿದ್ದು ಹೇಗೆ? ಆ ಕಾಲದ ತಂಡದಲ್ಲಿದ್ದ ಶೈಲೇನ್ ಮನ್ನಾ ಅವರೇ, ನಮಗೆ ಆಗ ಒಲಿಂಪಿಕ್ಸೇ ಎಲ್ಲ, ವಿಶ್ವಕಪ್ಪಿನ ಬೆಲೆ ಗೊತ್ತಿರಲಿಲ್ಲ ಎಂಬ ಅರ್ಥದಲ್ಲಿ ಮುಂದೆ ಹೇಳಿದ್ದಾರೆ. ದೂರದ ಹಡಗಿನ ಪ್ರಯಾಣವೂ ಸೇರಿ ಹಲವು ಕಾರಣಗಳಿಂದ ಹೋಗದೆ ಉಳಿದರು. ಬೇರೆಯವರು ಬಾಗಿಲು ಹಾಕಿದರು ಎನ್ನುವ ಕತೆ ಹೇಳಲು ಚೆನ್ನಾಗಿದೆ, ನನಗೂ ಇಷ್ಟವಾಗಿತ್ತು. ನನ್ನ ಶೂ ಪ್ರಸಂಗಕ್ಕೂ ಸರಿಯಾಗಿ ಹೊಂದುತ್ತಿತ್ತು. ಆದರೆ ಬಾಗಿಲು ತೆರೆದೇ ಇತ್ತು.

ಮೂರನೇ ಮಾತು ಇನ್ನೂ ಕಷ್ಟ ಕೊಟ್ಟಿತು. 1952ರ ಜುಲೈ 15, ಹೆಲ್ಸಿಂಕಿ, ಎದುರಾಳಿ ಯುಗೊಸ್ಲಾವಿಯ. ಅಹ್ಮದ್ ಖಾನ್ ಗೋಲ್ ಹೊಡೆದದ್ದು ನಿಜ. ಆಟದ ಫಲಿತಾಂಶ 10-1. ಆ ಹತ್ತು ನಮ್ಮದಲ್ಲ. ಭಾರತದ ಒಂದೇ ಗೋಲ್ ಬಂದದ್ದು 89ನೇ ನಿಮಿಷದಲ್ಲಿ. ಯುಗೊಸ್ಲಾವಿಯ ಆ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡ ಎಂದು ಸಮಾಧಾನ ಹೇಳಿಕೊಳ್ಳಬಹುದು, ಆದರೂ ಹತ್ತು ಹತ್ತೇ. ಈ ಸೋಲಿನ ನಂತರ ನಮ್ಮ ದೇಶದ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಹುಟ್ಟಿದಾಗಿನಿಂದ ಬರಿಗಾಲಿನಲ್ಲಿ ಕಲಿತವರು ಇಪ್ಪತ್ತೈದು ದಾಟಿದ ಮೇಲೆ ಹೊಸದಾಗಿ ಬೂಟಿನಲ್ಲಿ ಕಲಿಯಬೇಕಾಯಿತು. ಅಹ್ಮದ್ ಖಾನ್ ಅದರ ನಂತರವೂ ಏಳು ವರ್ಷ ಈಸ್ಟ್ ಬೆಂಗಾಲ್‌ಗೆ ಆಡಿದ್ದಾರೆ. ಇಡೀ ಕತೆಯಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಇದು, ಆದರೆ ಇದನ್ನು ಯಾರೂ ಹೇಳುವುದಿಲ್ಲ.

ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ. ಅಷ್ಟರಲ್ಲಿ ಅವರ ಆಟದ ದಿನಗಳು ಮುಗಿದಿದ್ದವು. 2017ರ ಆಗಸ್ಟ್ 27ರಂದು, ತೊಂಬತ್ತನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಆಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ನಮ್ಮ ಊರಿನಿಂದ ಒಂದು ಬಸ್ಸಿನ ದೂರದಲ್ಲಿ ಅವರು ಅಷ್ಟು ವರ್ಷ ಇದ್ದರು.

ಹತ್ತು ಗೋಲಿನ ವಿಷಯ ನಾನಾಗೆ ಹೇಳುವುದೋ ಬೇಡವೋ ಎಂದು ಒಂದು ವಾರ ಯೋಚಿಸಿದೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಬಿಟ್ಟುಬಿಟ್ಟರೆ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಈ ಲೇಖನವನ್ನು ಉರ್ದುವಿನಲ್ಲಿ ಹೇಳುತ್ತಾ ಪೂರ್ತಿ ಓದಿದೆ. ವಿಶ್ವಕಪ್ಪಿನ ಹತ್ತಿರ ಬಂದಾಗ "ಹಾಗಂತ ಎಲ್ಲರೂ ಹೇಳುತ್ತಿದ್ದರು ಬೇಟಾ" ಎಂದು ಸುಮ್ಮನಾದರು. ಹೆಲ್ಸಿಂಕಿ ಬಂತು. ಹತ್ತು ಎಂದೆ. "ಹೌದು, ಹತ್ತು" ಎಂದರು. ಅವರಿಗೆ ಮೊದಲೇ ಗೊತ್ತಿತ್ತು! ನಾನು ಮುಂದಕ್ಕೆ ಹೋಗುವಷ್ಟರಲ್ಲಿ ಕೈ ಎತ್ತಿ ನಿಲ್ಲಿಸಿ, ಅಹ್ಮದ್ ಖಾನ್ ಎಷ್ಟನೇ ನಿಮಿಷಕ್ಕೆ ಹೊಡೆದದ್ದು, ಅದನ್ನು ಇನ್ನೊಂದು ಸಲ ಓದು ಎಂದರು.