ಮನೆ ಹಾಲಿಗೆ ಯಾವ ಆಡು?

ನನ್ನ ಮೊದಲ ಹಾಲಿನ ಆಡನ್ನು ಕೊಂಡದ್ದು ಸಂತೆಯಲ್ಲಿ. ಒಂದು ಗೇಣಿನ ಜೋಲುಕಿವಿ, ಗಿಣಿಯ ಕೊಕ್ಕಿನಂಥ ಮೂಗು, ಹಿಂತೊಡೆಯಲ್ಲಿ ಜೊಂಪೆ ಕೂದಲು. ‘ಅಸಲಿ ಜಮುನಾಪಾರಿ, ಹೊತ್ತಿಗೆ ಎರಡು ಲೀಟರ್’ ಎಂದರು ಮಾರುವವರು. ಕೆಚ್ಚಲು ಬಿಗಿದು ತೊಟ್ಟಿನಿಂದ ಹಾಲು ತಾನಾಗಿ ತೊಟ್ಟಿಕ್ಕುತ್ತಿತ್ತು. ಮನೆಗೆ ತಂದು ಅಂದು ಸಂಜೆ ಹಿಂಡಿದಾಗ ಪಾತ್ರೆ ತುಂಬಿತು. ಮರುದಿನ ಬೆಳಗ್ಗೆ ಒಂದು ಲೋಟವೂ ಆಗಲಿಲ್ಲ. ಹಿಂದಿನ ದಿನದಿಂದ ಹಿಂಡದೆ ಹಾಗೇ ಸಂತೆಗೆ ಹೊಡೆದುಕೊಂಡು ಬಂದಿದ್ದರು. ಮಳೆ ಹಿಡಿದ ಮೇಲೆ ಅದರ ಗೊರಸು ಕೊಳೆಯಿತು, ಕೆಮ್ಮು ಹತ್ತಿತು, ಕಟ್ಟಿದ ಜಾಗದಲ್ಲಿ ಹಾಕಿದ ಸೊಪ್ಪನ್ನು ಮೂಸಿ ಬಿಟ್ಟಿತು. ಆ ಆಡಿನಲ್ಲಿ ತಪ್ಪಿರಲಿಲ್ಲ. ನಮ್ಮದು ಮಲೆನಾಡಿನ ಸೆರಗು. ಇಲ್ಲಿನ ಮಳೆಗೆ, ನಮ್ಮ ಕೊಟ್ಟಿಗೆಗೆ ಹೊಂದದ ತಳಿಯನ್ನು ಕಿವಿ ನೋಡಿ ತಂದದ್ದು ನನ್ನ ತಪ್ಪು.

ಹಾಗಾಗಿ ‘ಯಾವ ತಳಿ ಒಳ್ಳೆಯದು’ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಎರಡು ಪ್ರಶ್ನೆ. ನಿಮ್ಮಲ್ಲಿ ಮಳೆ ಎಷ್ಟು? ಆಡನ್ನು ಮೇಯಲು ಬಿಡುತ್ತೀರೋ, ಕಟ್ಟಿ ಮೇಯಿಸುತ್ತೀರೋ? ಈ ಎರಡಕ್ಕೆ ಉತ್ತರ ಸಿಕ್ಕರೆ ತಳಿಯ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ.

ಜಮುನಾಪಾರಿಯನ್ನೇ ನೋಡಿ. ಉತ್ತರ ಪ್ರದೇಶದ ಇಟಾವಾ ಜಿಲ್ಲೆಯಲ್ಲಿ, ಯಮುನಾ ಮತ್ತು ಚಂಬಲ್ ನದಿಗಳ ಕೊರಕಲು ಸೀಮೆ ಅದರ ತವರು. ಒಣ ಹವೆ, ಮುಳ್ಳುಕಂಟಿ, ದಿನವಿಡೀ ಅಲೆದು ಎತ್ತರದ ಚಿಗುರು ಕೀಳುವ ಬಾಳು. ಆ ಉದ್ದನೆಯ ಕಾಲುಗಳು ಇರುವುದೇ ಅದಕ್ಕಾಗಿ. ತವರಿನಲ್ಲಿ ದಿನಕ್ಕೆ ಒಂದೂವರೆ, ಎರಡು ಲೀಟರ್ ಕೊಡುವುದು ನಿಜ. ಆದರೆ ಹಗ್ಗಕ್ಕೆ ಕಟ್ಟಿದರೆ, ಜಡಿಮಳೆಗೆ ಒಡ್ಡಿದರೆ ಅದು ಸೊರಗುತ್ತದೆ. ಹೆಚ್ಚಾಗಿ ಒಂದೇ ಮರಿ ಹಾಕುತ್ತದೆ. ಸಾಲದ್ದಕ್ಕೆ ನಮ್ಮ ಸಂತೆಗಳಲ್ಲಿ ಜಮುನಾಪಾರಿ ಎಂಬ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಬೆರಕೆಯೇ ಜಾಸ್ತಿ. ಮೊದಲ ಬಾರಿ ಆಡು ಸಾಕುವ ಮನೆಗೆ ನಾನಂತೂ ಇದನ್ನು ಹೇಳುವುದಿಲ್ಲ.

ಬಾರ್ಬರಿ ಇದಕ್ಕೆ ತದ್ವಿರುದ್ಧ. ಮಥುರಾ, ಆಗ್ರಾ, ಇಟಾ ಕಡೆಯ ಪೇಟೆಗಳಲ್ಲಿ ಮನೆಯ ಜಗುಲಿಯ ಪಕ್ಕದಲ್ಲೇ ಕಟ್ಟಿ ಸಾಕುತ್ತ ಬಂದ ತಳಿ. ಚಿಕ್ಕ ಮೈ, ಜಿಂಕೆಯಂತೆ ನೆಟ್ಟಗೆ ನಿಂತ ಪುಟ್ಟ ಕಿವಿ, ಬಿಳಿ ಮೈಮೇಲೆ ಕಂದು ಚುಕ್ಕೆ. ಹಾಲು ದಿನಕ್ಕೆ ಮುಕ್ಕಾಲು, ಒಂದು ಲೀಟರ್ ಅಷ್ಟೆ. ಆದರೆ ಅದು ತಿನ್ನುವುದೂ ಕಡಿಮೆ, ಅವಳಿ ಮರಿಗಳು ಸಾಮಾನ್ಯ, ಕಟ್ಟಿದಲ್ಲೇ ಮೇಯುತ್ತದೆ. ತುಮಕೂರು, ಹಾಸನ, ಮೈಸೂರಿನ ಬಯಲಿನಲ್ಲಿ ಹಿತ್ತಲು ಚಿಕ್ಕದು, ಮೇಯಿಸಲು ಜನವಿಲ್ಲ ಎನ್ನುವ ಮನೆಗೆ ನಾನು ಮೊದಲು ಹೇಳುವ ಹೆಸರು ಇದು.

ಕರಾವಳಿ ಮತ್ತು ಮಲೆನಾಡಿಗೆ ಮಲಬಾರಿ. ಕಣ್ಣೂರು, ಕೋಯಿಕ್ಕೋಡ್, ಮಲಪ್ಪುರಂ ಕಡೆಯ ಈ ಆಡನ್ನು ತಲಚೇರಿ ಎಂದೂ ಕರೆಯುತ್ತಾರೆ. ತಲೆಮಾರುಗಳಿಂದ ಅದೇ ಸೆಕೆ, ಅದೇ ಮಳೆ ಉಂಡು ಬೆಳೆದದ್ದು. ಹಲಸಿನ ಎಲೆ ತಿಂದು ಎರಡು ಮರಿ ಸಾಕಿ ಮನೆಗೆ ಅರ್ಧ ಲೀಟರ್ ಹಾಲು ಬಿಡುತ್ತದೆ. ಲೆಕ್ಕದಲ್ಲಿ ಅದು ಚಿಕ್ಕದು. ಆದರೆ ಆಟಿ ತಿಂಗಳಲ್ಲೂ ಕೊಟ್ಟಿಗೆಯಲ್ಲಿ ಆರೋಗ್ಯವಾಗಿ ನಿಂತು ಕೊಡುವ ಅರ್ಧ ಲೀಟರ್ ಅದು. ಈಗ ನಮ್ಮ ಮನೆಯಲ್ಲಿ ಇರುವುದು ಇವೇ.

ಬೀದರ್, ಕಲಬುರಗಿ ಕಡೆಯವರಿಗೆ ಉಸ್ಮಾನಾಬಾದಿ ಹೊಸದಲ್ಲ. ಬರಕ್ಕೆ ಬಗ್ಗದ ಕಪ್ಪು ಆಡು, ಮುಖ್ಯವಾಗಿ ಮಾಂಸಕ್ಕೆ. ಆದರೂ ಹುಡುಕಿದರೆ ಒಂದು ಲೀಟರಿನವು ಸಿಗುತ್ತವೆ. ನಮ್ಮದೇ ಬಿದ್ರಿ ಮತ್ತು ನಂದಿದುರ್ಗ ಆಡುಗಳನ್ನು ಕರ್ನಾಲದ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೋ ಪ್ರತ್ಯೇಕ ತಳಿಗಳೆಂದು ನೋಂದಾಯಿಸಿದೆ. ಇವೂ ಹಾಲಿಗಾಗಿ ಆರಿಸುತ್ತ ಬಂದ ತಳಿಗಳಲ್ಲ. ಹಾಗೆಂದು ತಳ್ಳಿಹಾಕಬೇಡಿ. ಐವತ್ತು ಆಡುಗಳ ಹಿಂಡಿನಲ್ಲಿ ಎರಡು ಮರಿ ಹೊಟ್ಟೆ ತುಂಬ ಕುಡಿದ ಮೇಲೂ ಕೆಚ್ಚಲಲ್ಲಿ ಹಾಲುಳಿಯುವ ಒಂದೆರಡು ಇದ್ದೇ ಇರುತ್ತವೆ. ಅವು ಯಾವುವೆಂದು ಹಿಂಡಿನವರಿಗೆ ಚೆನ್ನಾಗಿ ಗೊತ್ತು. ಅಂಥದನ್ನು ಕೇಳಿ ಪಡೆಯಿರಿ.

ನೀರಾವರಿ ಇದ್ದು ವರ್ಷವಿಡೀ ಹಸಿರು ಮೇವು ಬೆಳೆಯುವವರು ಪಂಜಾಬಿನ ಬೀಟಲ್ ಅಥವಾ ಗುಜರಾತಿನ ಸೂರ್ತಿಯನ್ನು ಯೋಚಿಸಬಹುದು. ಎರಡೂ ಹಾಲಿಗೆ ಹೆಸರಾದವು. ಬೀಟಲ್ ಒಂದೂವರೆ ಲೀಟರ್ ದಾಟುತ್ತದೆ, ಆದರೆ ಅಷ್ಟು ದೊಡ್ಡ ಮೈಗೆ ಅಷ್ಟೇ ಮೇವು ಬೇಕು. ಸ್ವಿಟ್ಜರ್ಲೆಂಡಿನ ಸಾನೆನ್ ಬಗ್ಗೆ ಯುವಕರು ಈಗೀಗ ಬಹಳ ಕೇಳುತ್ತಾರೆ. ತಂಪು ಕಣಿವೆಯ ಬಿಳಿ ಆಡು ಅದು, ಚರ್ಮ ತೆಳುವರ್ಣದ್ದು, ನಮ್ಮ ಏಪ್ರಿಲ್ ಬಿಸಿಲನ್ನು ತಡೆಯಲಾರದು. ಮನೆಹಾಲಿಗೆ ಬೇಡ.

ತಳಿ ನಿರ್ಧಾರವಾಯಿತು ಎನ್ನಿ. ಒಂದೇ ತಳಿಯ ಎರಡು ಆಡುಗಳ ನಡುವೆ ಹಾಲಿನಲ್ಲಿ ದುಪ್ಪಟ್ಟು ವ್ಯತ್ಯಾಸ ಇರಬಹುದು. ಆದ್ದರಿಂದ ಸಂತೆ ಬಿಟ್ಟು ಸಾಕುವವರ ಮನೆಗೇ ಹೋಗಿ. ಸಂಜೆ ನಿಮ್ಮ ಎದುರು ಪೂರ್ತಿ ಹಿಂಡಿಸಿ, ಮರಿಗಳನ್ನು ಬೇರೆ ಕಟ್ಟಿಸಿ, ಬೆಳಗ್ಗೆ ನೀವೇ ಕೂತು ಹಿಂಡಿ. ಆ ಬೆಳಗಿನ ಹಾಲೇ ನಿಜವಾದ ಲೆಕ್ಕ. ಹಿಂಡಿ ಮುಗಿದ ಮೇಲೆ ಕೆಚ್ಚಲನ್ನು ಅಂಗೈಯಲ್ಲಿ ಹಿಡಿದು ನೋಡಿ. ಒಳ್ಳೆಯ ಕೆಚ್ಚಲು ಖಾಲಿ ಚೀಲದ ಹಾಗೆ ಮೆತ್ತಗೆ ಮಡಚಿಕೊಳ್ಳುತ್ತದೆ. ಹಿಂಡಿದ ಮೇಲೂ ಅಷ್ಟೇ ದಪ್ಪವಾಗಿದ್ದರೆ ಅದರಲ್ಲಿರುವುದು ಹಾಲಲ್ಲ, ಮಾಂಸ. ಗಂಟು ಸಿಕ್ಕರೆ, ಒಂದು ಪಕ್ಕ ಬಿಸಿಯಾಗಿದ್ದರೆ ಬಿಟ್ಟು ಎದ್ದುಬನ್ನಿ. ಮೊದಲ ಎರಡು ಎಳೆತವನ್ನು ಕಪ್ಪು ಬಟ್ಟೆಯ ಮೇಲೆ ಬಿಟ್ಟು ನೋಡಿ. ಬಿಳಿ ಚೂರು ಕಂಡರೆ ಕೆಚ್ಚಲು ಬಾವು.

ಇನ್ನೆರಡು ಕಡೆ ಕಣ್ಣು ಹಾಯಿಸಿ. ಕೆಳರೆಪ್ಪೆ ಜಗ್ಗಿದರೆ ಒಳಗೆ ಕೆಂಪಗಿರಬೇಕು. ಬಿಳಿಚಿಕೊಂಡಿದ್ದರೆ ಜಂತು ರಕ್ತ ಹೀರಿದೆ ಎಂದರ್ಥ. ಕೆಳದವಡೆಯಲ್ಲಿ ನಾಲ್ಕು ದೊಡ್ಡ ಹಲ್ಲು ಬಂದಿದ್ದರೆ ಸುಮಾರು ಎರಡು ವರ್ಷದ ಪ್ರಾಯ. ಎರಡನೆಯ ಸೂಲಿನ ಆಡಾದರೆ ಉತ್ತಮ: ಅದರ ಹಾಲೆಷ್ಟು, ಮರಿ ಎಷ್ಟು, ಹಿಂಡುವಾಗ ಒದೆಯುತ್ತದೆಯೇ ಎಂಬುದೆಲ್ಲ ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಒಂದೇ ಆಡು ತರಬೇಡಿ. ಒಂಟಿ ಆಡು ದಿನವಿಡೀ ಅರಚುತ್ತದೆ, ಮೇವು ಬಿಡುತ್ತದೆ. ಎರಡಿದ್ದರೆ ಹಾಲಿನ ಲೆಕ್ಕವೂ ಕೂಡಿಬರುತ್ತದೆ. ಗಬ್ಬದ ಅವಧಿ ಸುಮಾರು 150 ದಿನ. ಒಂದನ್ನು ಮೇ ತಿಂಗಳಲ್ಲಿ ಹೋತಕ್ಕೆ ಕೊಡಿಸಿದರೆ ಅಕ್ಟೋಬರಿಗೆ ಮರಿ. ಇನ್ನೊಂದನ್ನು ಅಕ್ಟೋಬರಿನಲ್ಲಿ ಕೊಡಿಸಿದರೆ ಮಾರ್ಚಿಗೆ. ಒಂದು ಬತ್ತುವ ಹೊತ್ತಿಗೆ ಇನ್ನೊಂದು ಕರೆಯುತ್ತದೆ, ಜೂನ್ ಜುಲೈ ತಿಂಗಳ ಥಂಡಿಯಲ್ಲಿ ಎಳೆಮರಿ ಹುಟ್ಟುವುದೂ ತಪ್ಪುತ್ತದೆ. ಎರಡು ಆಡಿಗಾಗಿ ಹೋತ ಸಾಕುವುದು ದಂಡ. ಹತ್ತಿರ ಕಟ್ಟಿದರೆ ಅದರ ನಾತ ಹಾಲಿಗೂ ಹತ್ತುತ್ತದೆ. ಊರಿನ ಒಳ್ಳೆಯ ಹೋತದ ಬಳಿಗೆ ಬೆದೆ ಬಂದ ದಿನವೇ ಕರೆದೊಯ್ಯಿರಿ. ಬಾಲ ಅಲ್ಲಾಡಿಸುವುದು, ಬಿಡದೆ ಅರಚುವುದು, ಮೇವು ಕಡಿಮೆ ತಿನ್ನುವುದು ಬೆದೆಯ ಗುರುತು. ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಮನೆಯಲ್ಲೇ ಹುಟ್ಟಿದ ಗಂಡು ಮರಿಯನ್ನು ತಾಯಿಗೆ, ಅಕ್ಕತಂಗಿಗೆ ಕೂಡಲು ಬಿಟ್ಟರೆ ಎರಡು ತಲೆಮಾರಿಗೆ ತಳಿ ಕೆಡುತ್ತದೆ. ಅದನ್ನು ನಾಲ್ಕು ತಿಂಗಳಾಗುವ ಮೊದಲೇ ಬೇರೆ ಮಾಡಿ.

ಮರಿ ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಯಬೇಕು. ಮೊದಲ ಎರಡು ವಾರ ಹಾಲು ಮರಿಯದೇ. ಆಮೇಲೆ ರಾತ್ರಿ ಮರಿಗಳನ್ನು ಬೇರೆ ಗೂಡಿನಲ್ಲಿ ಕೂಡಿ, ಬೆಳಗ್ಗೆ ಹಿಂಡಿಕೊಂಡು, ಹಗಲು ತಾಯಿಯ ಜೊತೆ ಬಿಡಿ. ನಮ್ಮ ಮನೆಯ ಪದ್ಧತಿ ಇದು, ಮರಿಗಳು ಒಮ್ಮೆಯೂ ಸೊರಗಿಲ್ಲ. ಹಾಲನ್ನು ಕಾಯಿಸಿಯೇ ಕುಡಿಯಿರಿ. ಕಂದುರೋಗ ಹಸಿ ಹಾಲಿನಿಂದ ಮನುಷ್ಯರಿಗೆ ದಾಟುತ್ತದೆ, ಹಸಿ ಆಡಿನ ಹಾಲು ಔಷಧಿ ಎಂಬ ಮಾತನ್ನು ನಂಬಬೇಡಿ.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತೇವೆ. ಮುಟ್ಟುವುದು ನಿಜ, ಎಲ್ಲವನ್ನೂ ತಿನ್ನುವುದಿಲ್ಲ. ನೆಲಕ್ಕೆ ಬಿದ್ದು ಗೊರಸು ತಾಕಿದ ಸೊಪ್ಪನ್ನಂತೂ ಮತ್ತೆ ಮೂಸುವುದೇ ಇಲ್ಲ. ಕಟ್ಟು ಮಾಡಿ ಅದರ ಮುಖದ ಎತ್ತರಕ್ಕೆ ತೂಗುಹಾಕಿ, ಅರ್ಧಕ್ಕರ್ಧ ಮೇವು ಉಳಿಯುತ್ತದೆ. ಹಾಲು ಕೊಡುವ ದೊಡ್ಡ ಆಡಿಗೆ ದಿನಕ್ಕೆ ನಾಲ್ಕೈದು ಕಿಲೋ ಹಸಿರು, ಮುಕ್ಕಾಲು ಕಿಲೋದಷ್ಟು ಹುರುಳಿ ಹೊಟ್ಟು ಅಥವಾ ಶೇಂಗಾ ಹೊಟ್ಟು, ಕಾಲು ಕಿಲೋ ತಿಂಡಿ, ಮೇಲೆ ಲೀಟರ್ ಹಾಲಿಗೆ ಸುಮಾರು 400 ಗ್ರಾಂ ತಿಂಡಿ ಬೇಕು. ಸುಬಾಬುಲ್ ಸೊಪ್ಪು ಹಸಿರಿನ ಮೂರನೇ ಒಂದು ಪಾಲು ಮೀರದಿರಲಿ. ಅದರಲ್ಲಿನ ಮಿಮೋಸಿನ್ ಹೆಚ್ಚಾದರೆ ಕೂದಲು ಉದುರುತ್ತದೆ. ಮಳೆಸೀಮೆಯಲ್ಲಿ ನೆಲದಿಂದ ಮೂರು ನಾಲ್ಕು ಅಡಿ ಎತ್ತರದ ಹಲಗೆಯ ಅಟ್ಟ ಬೇಕೇ ಬೇಕು. ಹಲಗೆಗಳ ನಡುವೆ ಹಿಕ್ಕೆ ಬೀಳುವಷ್ಟು ಸಂದು ಬಿಡಿ, ಕಾಲು ಸಿಗುವಷ್ಟು ಬೇಡ. ಪಿಪಿಆರ್ ಮತ್ತು ಕರುಳು ಬೇನೆಯ ಲಸಿಕೆಯನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. ಕರುಳು ಬೇನೆಯದನ್ನು ಮುಂಗಾರಿಗೆ ಮೊದಲೇ ಹಾಕಿಸಬೇಕು.

ಆಡು ತರುವ ಆತುರದಲ್ಲಿರುವವರಲ್ಲಿ ನನ್ನದೊಂದು ವಿನಂತಿ. ಈ ಮುಂಗಾರಿಗೆ ಬೇಲಿಯ ಸಾಲಿನಲ್ಲಿ ಅಗಸೆ, ನುಗ್ಗೆ, ಹಿಪ್ಪುನೇರಳೆ ನೆಡಿ, ಖಾಲಿ ಬದುವಿನಲ್ಲಿ ಹೆಡ್ಜ್ ಲ್ಯೂಸರ್ನ್ ಬಿತ್ತಿ. ಅವು ಒಂದು ಸಲ ಕೊಯ್ಲಿಗೆ ಬಂದ ಮೇಲೆ ಆಡು ನೋಡಲು ಹೊರಡಿ.